ಓಗೊಡದ ಕೂಗು

ಶಿವರಾತ್ರಿ ಬಂತೆಂದರೆ ಬಿಳಿಗೆರೆಯ ರಂಗನಾಯಕ ಕಂಬಳಿ, ಮಚ್ಚು, ರಾಗಿಹಿಟ್ಟಿನ ಗಂಟು ಹೊತ್ತು ಕಾಡು ಸೇರುತ್ತಿದ್ದ. ನಂಜನಗೂಡು ತಾಲ್ಲೂಕು ಮುಗಿಯುವ ಕಡೆಯ ಸರ್ಕಾರಿ ಕಾಡು ಅದು; ಹಾಗೇ ನಡೆದರೆ ಕೇರಳದ ಗಡಿ. ಮಳೆ ಬೀಳುವವರೆಗೂ ಬೆಂಕಿ ಕಾಯುವ ಕೂಲಿ. ಕಾಡಿಗೆ ಬೆಂಕಿ ತಾನಾಗಿಯೇ ಬೀಳುತ್ತದೆ ಅಂದುಕೊಂಡಿರಾ? ಎಲ್ಲಾದರೂ ಉಂಟೇ! ಹಚ್ಚುವವರೆಲ್ಲ ಮನುಷ್ಯರೇ. ದನಕ್ಕೆ ಎಳೆ ಹುಲ್ಲು ಚಿಗುರಲಿ ಅಂತ ಒಬ್ಬ, ಜಿಂಕೆ ಉದುರಿಸಿದ ಕೊಂಬು ಕಣ್ಣಿಗೆ ಬೀಳಲಿ ಅಂತ ಇನ್ನೊಬ್ಬ. ಒಣಗಿದ ಆನೆ ಲದ್ದಿಗೆ ಕಿಡಿ ತಾಕಿಸಿ ಬಿಟ್ಟರಾಯಿತು, ಒಳಗೊಳಗೇ ಬೇಯುತ್ತಿದ್ದು, ಹಚ್ಚಿದವನು ಮನೆಯಲ್ಲಿ ಮುದ್ದೆ ಉಣ್ಣುವ ಹೊತ್ತಿಗೆ ಭುಗಿಲ್ ಅನ್ನುತ್ತಿತ್ತು. ಕೇಳಿದರೆ ಈ ಕಡೆಯವರು ಆ ಕಡೆಯವರತ್ತ ಕೈ ತೋರಿಸುತ್ತಿದ್ದರು, ಆ ಕಡೆಯವರು ಈ ಕಡೆಗೆ.

ಜೊತೆಗಾರ ಕಳಲೆಯ ಸಿದ್ದಮಲ್ಲಪ್ಪ, ವಯಸ್ಸಿನಲ್ಲಿ ಹಿರಿಯ; ರಂಗನಾಯಕನ ಬಾಯಲ್ಲಿ ಮಲ್ಲಣ್ಣ. ಹಸಿ ಸೊಪ್ಪಿನಲ್ಲಿ ಬೆಂಕಿ ಬಡಿಯುವುದು, ಬೆಂಕಿ ದಾಟದಂತೆ ಉದ್ದಕ್ಕೂ ಸವರಿದ ಬೆಂಕಿರೇಖೆಯ ತರಗು ಗುಡಿಸುವುದು, ಬೆಂಕಿ ಕೈಮೀರಿದರೆ ಆ ರೇಖೆಯಿಂದ ಅದಕ್ಕೆ ಎದುರು ಬೆಂಕಿ ಕೊಟ್ಟು ನಡುವಿನದನ್ನೆಲ್ಲ ಮೊದಲೇ ಸುಡುವುದು, ಎಲ್ಲವನ್ನೂ ಕಲಿಸಿದವನು ಅವನೇ. ಜೊತೆಗೆ ಇನ್ನೊಂದನ್ನೂ ಕಲಿಸಿದ್ದ.

"ಕಾಡ್ನಲ್ಲಿ ಯಾರಾನ ಎಸ್ರು ಇಡ್ದು ಕೂಗುದ್ರೆ ಮೂರ್ನೇ ಕೂಗ್ಗೇ ಓಗೊಡ್ಬೇಕು ಕಣ್ಲಾ. ಬ್ಯಾರೇದಾದ್ರೆ ಎರಡಕ್ಕೇ ಸುಮ್ಗಾಯ್ತದೆ."

ಬೇರೇದು ಅಂದರೆ ಏನೆಂದು ಕಾಡಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ತೊಂಬತ್ತಾರರ ಬೇಸಿಗೆ, ನಡುಮಧ್ಯಾಹ್ನ. ಗಡಿಕಲ್ಲಿನ ದಿಕ್ಕಿನಿಂದ ಬೆಂಕಿ ಎದ್ದು ಬಂತು. ನೋಡಿ ಬರುತ್ತೇನೆಂದು ಸಿದ್ದಮಲ್ಲಪ್ಪ ಹಳ್ಳ ಇಳಿದ. ಗಾಳಿ ತಿರುಗಿತು. ಹಕ್ಕಿಗಳೆಲ್ಲ ಒಮ್ಮೆಗೇ ಸುಮ್ಮನಾದವು.

"ರಂಗಾ..."

ಮಲ್ಲಣ್ಣನದೇ ದನಿ. ಆದರೆ ಹೊಗೆ ಅಷ್ಟು ದೂರ, ದನಿ ಕಿವಿಯ ಪಕ್ಕದಲ್ಲೇ!

"ರಂಗಾ..."

ರಂಗನಾಯಕ ತುಟಿ ಕಚ್ಚಿಕೊಂಡು ಮೂರನೆಯದಕ್ಕೆ ಕಾದ. ಬರಲಿಲ್ಲ. ಬೇರೇದೇ ಸರಿ, ಅಣ್ಣ ಆಚೆ ದಾರಿಯಲ್ಲಿ ದಾಟಿರುತ್ತಾನೆ ಎಂದುಕೊಂಡು ರೇಖೆಯಿಂದ ಎದುರು ಬೆಂಕಿ ಕೊಟ್ಟ.

ಮಾರನೆಯ ದಿನ ಎರಡು ಬೆಂಕಿಗಳ ನಡುವೆ ಸಿಕ್ಕಿದ್ದ ಹಳ್ಳದಲ್ಲಿ ಸಿದ್ದಮಲ್ಲಪ್ಪನ ಹೆಣ ಸಿಕ್ಕಿತು. ನಡೆದದ್ದನ್ನು ರಂಗನಾಯಕ ಬಾಯಿಬಿಟ್ಟು ಹೇಳಿದಾಗ, "ಹೊಗೇಲಿ ಉಸ್ರು ಕಟ್ಟಿರೋನು ಎಷ್ಟು ಸಲ ಕೂಗಾನು?" ಅಂದುಬಿಟ್ಟರು ಯಾರೋ. ಆ ಮಾತು ಅವನ ಎದೆಗೆ ನಾಟಿತು, ಮತ್ತೆ ಕಿತ್ತು ಬರಲಿಲ್ಲ.

ಅಂದಿನಿಂದ ಯಾರು ಕರೆದರೂ ಮೊದಲ ಕೂಗಿಗೇ "ಬಂದೆ" ಅನ್ನುತ್ತಿದ್ದ. ಯಾರೂ ಕರೆಯದಿದ್ದರೂ ಅನ್ನುತ್ತಿದ್ದ. ಊರ ಹೈಕಳು ನಗುತ್ತಿದ್ದವು. ನಗಲಿ ಬಿಡಿ, ಅವರಪ್ಪನ ಗಂಟೇನು ಹೋಗುತ್ತದೆ! ಹೆಂಡತಿ ರಾಚಮ್ಮ ಮಾತ್ರ ಹೆದರುತ್ತಿದ್ದಳು. ಈ ಕೂಲಿಯ ಸಾವಾಸ ಸಾಕು ಅಂತ ಕೈಮುಗಿದಳು.

"ಒಂದೇ ಒಂದು ಸಲ ಮಲ್ಲಣ್ಣ ಕೂಗ್ಲಿ ಕಣಮ್ಮಿ. ಓಗೊಟ್ಬುಟ್ಟು ಬಂದ್ಬುಡ್ತೀನಿ," ಅಂದ ಅವನು.

ಪ್ರತಿ ಬೇಸಿಗೆಯೂ ಆ ಹಳ್ಳದ ದಂಡೆಯಲ್ಲೇ ಕಾವಲು ಕೇಳಿ ಪಡೆದ. ಕಿವಿಯಾನಿಸಿ ಕೂತ. ಹಳ್ಳ ಮಾತಾಡಲಿಲ್ಲ. ಅವನು ಒಬ್ಬನೇ ಕೂತು ಅತ್ತದ್ದೂ ಉಂಟು.

ಎರಡು ಸಾವಿರದ ನಾಲ್ಕರ ಬೇಸಿಗೆ. ಹಳ್ಳದ ಆಚೆ ಮತ್ತೆ ಬೆಂಕಿ ಎದ್ದಿತು. ಕಾವಲಿನವರು ಎದುರು ಬೆಂಕಿ ಕೊಡಲು ರೇಖೆಯುದ್ದಕ್ಕೂ ನಿಂತಿದ್ದರು. ಗಾರ್ಡು ಮಂಟೇಸ್ವಾಮಿ ಕಡ್ಡಿ ಗೀರುವುದರಲ್ಲಿದ್ದ.

"ರಂಗಾ..."

ಎಲ್ಲರಿಗೂ ಕೇಳಿಸಿತು. ಎಲ್ಲರೂ ನೆಲ ನೋಡಿದರು. ಮಂಟೇಸ್ವಾಮಿ ಅವನ ರಟ್ಟೆ ಹಿಡಿದ. "ಬ್ಯಾಡ ಕಣಣ್ಣ. ಇನ್ನೂ ಒಂದೇ ಆಗಿರದು."

"ಬಂದೆ!"

ಕೊಸರಿಕೊಂಡು, ಒದ್ದೆ ಕಂಬಳಿ ಹೊದ್ದು ಹೊಗೆಯೊಳಕ್ಕೆ ನುಗ್ಗಿದ. ಹಳ್ಳದ ಮರಳಿನಲ್ಲಿ ಒಬ್ಬ ಬೋರಲು ಬಿದ್ದಿದ್ದ. ಜೀವವಿತ್ತು. ಕಂಕುಳಿಗೆ ಕೈಕೊಟ್ಟು ದರದರ ಎಳೆದು ರೇಖೆ ದಾಟಿಸಿದ.

ನೀರು ಕುಡಿಸಿದ ಮೇಲೆ ಬಾಯಿಬಿಟ್ಟ. ಅವನು ಹೆಮ್ಮಿಗೆಯ ಪುಟ್ಟರಾಜು. ಕೊಂಬು ಆಯಲು ಬಂದು ಬೆಂಕಿ ಹಚ್ಚಿದವನೇ ಗಾಳಿ ತಿರುಗಿ ಒಳಗೆ ಸಿಕ್ಕಿಕೊಂಡಿದ್ದ. ರಂಗನಾಯಕನಿಗೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು, ಕೈ ಏಳಲಿಲ್ಲ.

"ಕೂಗುದ್ದಕ್ಕೆ ಬದುಕ್ಕಂಡೆ ಕಣ್ಲಾ," ಅಂದ.

ಪುಟ್ಟರಾಜು ಮಿಕಮಿಕ ನೋಡಿದ. "ನಾ ಕೂಗ್ನಿಲ್ಲ ಸಾ. ಕೆಮ್ಮುದ್ರೆ ಇಡ್ಕತೀರಿ ಅಂತ ಬಾಯ್ಗೆ ಬಟ್ಟೆ ತುರುಕ್ಕಂಡಿದ್ದೆ. ನಿಮ್ಮ ಎಸ್ರೇ ನಂಗೊತ್ತಿಲ್ಲ."

ರಂಗನಾಯಕ ಉರಿಯುತ್ತಿದ್ದ ಹಳ್ಳದ ಕಡೆ ತಿರುಗಿ, ಎಲ್ಲರೆದುರೇ ಮಕ್ಕಳಂತೆ ಗೊಳೋ ಎಂದು ಅತ್ತ. "ಈ ಸಲ ತಡ ಮಾಡ್ನಿಲ್ಲ, ಅಲ್ವಾ ಮಲ್ಲಣ್ಣ?"