ನಾಗಲತೆಯ ಹಟ

ಹಳೇ ಹುಬ್ಬಳ್ಳಿಯ ಯಾಕೂಬಸಾಬ ಮೀಸೆ ಬೋಳಿಸಿಕೊಂಡೇ ಮುಪ್ಪಿಗೆ ಬಂದ ಮನುಷ್ಯ. ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿ ಅವನದು ಒಂದೇ ಪಾತ್ರ, ರಾಜಕುಮಾರಿ ನಾಗಲತೆ. ಅಪ್ಪ ಅವಳ ಪ್ರಿಯಕರನನ್ನು ಕೊಲ್ಲಿಸುತ್ತಾನೆ, ಅವಳು ಅಪ್ಪನ ಎದುರಿಗೇ ವಿಷ ಕುಡಿಯುತ್ತಾಳೆ. ಜನ ಅವಳನ್ನು ಮೆದು ಹುಡುಗಿ, ಪಾಪ ಎಂದರೆ ಯಾಕೂಬಸಾಬನಿಗೆ ಮೈ ಉರಿಯುತ್ತಿತ್ತು.

“ಪಾಪ ಅಲ್ಲರಿ ಆಕಿ, ಹಟಮಾರಿ,” ಎಂದು ಚಹಾದಂಗಡಿಯಲ್ಲಿ ಯಾರು ಸಿಕ್ಕರೂ ವಾದಕ್ಕೆ ನಿಲ್ಲುತ್ತಿದ್ದ. “ಪ್ರಿಯಕರ ಬರೇ ಮಾತಿನ ಮಲ್ಲ. ಅಪ್ಪ ಅಂಜುಬುರಕ, ಅಂಜಿಕಿಗೇ ಕೊಲ್ಲಸ್ತಾನ. ಗಟ್ಟಿ ಎದಿ ಇರೂದು ಆಕಿಗೊಬ್ಬಾಕಿಗೆ. ವಿಷ ಕುಡಿಯೂಮುಂದ ಆಕಿ ಕಣ್ಣಾಗ ನೀರ ಬಂದ್ರ ಅಪ್ಪ ಗೆದ್ದಂಗ.” ಅದಕ್ಕೇ ಅವನ ನಾಗಲತೆ ಅಳುತ್ತಿರಲಿಲ್ಲ. ಅಪ್ಪನನ್ನು ದಿಟ್ಟಿಸಿ ನೋಡುತ್ತ ಬಟ್ಟಲು ಬರಿದು ಮಾಡುತ್ತಿದ್ದಳು. ಸಭೆ ತೆಪ್ಪಗೆ ಕೂತಿರುತ್ತಿತ್ತು. ಆ ಮೌನವನ್ನೇ ಮೆಚ್ಚುಗೆ ಎಂದು ತಿಳಿದಿದ್ದ, ಪುಣ್ಯಾತ್ಮ.

ಕಾಲ ತಿರುಗಿತು. ಟಾಕೀಸಿನಲ್ಲಿ ನಿಜವಾದ ಹೆಂಗಸರನ್ನು ಕಂಡ ಜನಕ್ಕೆ ಗಂಡಸಿನ ನಾಗಲತೆ ಬೇಡವಾದಳು. ಕಂಪನಿಯ ಮಾಲೀಕ ಮಹಾದೇವಪ್ಪ ಆ ಪಾತ್ರಕ್ಕೆ ಅಮ್ಮಿನಬಾವಿಯ ಉಡಚವ್ವ ಎಂಬ ಹುಡುಗಿಯನ್ನು ಕರೆತಂದ. ಪಾತ್ರ ಬಿಟ್ಟುಕೊಡುವವನೇ ಹೊಸಬರಿಗೆ ಅದರ ಗುಣ ಹೇಳಿಕೊಡಬೇಕು, ಅದು ಕಂಪನಿಯ ಪದ್ಧತಿ. ಯಾಕೂಬಸಾಬನಿಗೆ ಪಾತ್ರ ಬಿಡುವ ಮನಸ್ಸಿರಲಿಲ್ಲ. ಹುಡುಗಿ ಸೋತರೆ ಪಾತ್ರ ತನಗೇ ವಾಪಸು ಬಂದೀತೆಂದು ಎಣಿಸಿ, ಸುಳ್ಳೇ ಹೇಳಿಕೊಟ್ಟ.

“ಆಕಿ ಭಾಳ ಮೆತ್ತನ್ನಾಕಿ, ತಂಗಿ. ವಿಷದ ಬಟ್ಟಲಾ ಹಿಡಕೊಂಡು ಅಪ್ಪನ ಕಾಲಿಗೆ ಬೀಳು, ಬಿಕ್ಕಿಬಿಕ್ಕಿ ಅಳು.”

ರವಿವಾರ ಮಧ್ಯಾಹ್ನದ ಆಟ. ಉಡಚವ್ವ ಹೇಳಿಕೊಟ್ಟಂತೆಯೇ ಅತ್ತಳು. ಸಭೆಯೂ ಅತ್ತಿತು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಗಂಡಸರು ಎದ್ದು ನಿಂತು ‘ವನ್ಸ್ ಮೋರ್’ ಎಂದು ಕೂಗಿ, ಸತ್ತವಳನ್ನು ಎಬ್ಬಿಸಿ ಮತ್ತೊಮ್ಮೆ ವಿಷ ಕುಡಿಸಿದರು. ಯಾಕೂಬಸಾಬ ಪರದೆಯ ಮರೆಯಲ್ಲಿ ನಿಂತು ಅದನ್ನೆಲ್ಲ ಕೇಳಿದ. ಅಷ್ಟು ವರ್ಷಗಳಲ್ಲಿ ಅವನ ನಾಗಲತೆಗೆ ಒಂದು ಸಲವೂ ಆ ಕೂಗು ಬಿದ್ದಿರಲಿಲ್ಲ. ಅವಳ ಗುಣ ಬಲ್ಲವನು ಅವನೊಬ್ಬನೇ, ಮತ್ತು ಆ ಗುಣ ಯಾರಿಗೂ ಬೇಕಾಗಿರಲಿಲ್ಲ.

“ಇನ್ನ ನೀವು ದಾಸಿ ಪಾರ್ಟು ಮಾಡ್ರಿ, ಯಾಕೂಬಸಾಬರ,” ಎಂದು ಮಹಾದೇವಪ್ಪ ಅವನ ಹೆಗಲು ತಟ್ಟಿ ಹೋದ.

ಉಡಚವ್ವ ಬಣ್ಣದ ಮುಖದಲ್ಲೇ ಬಂದು ಅವನ ಕಾಲು ಮುಟ್ಟಿದಳು. “ನಿಮ್ಮಿಂದ ಗೆದ್ದೆ, ಕಾಕಾ. ನೀವೂ ಹಿಂಗ ಅಳತಿದ್ರೇನ್ರಿ?”

ಅವನು ಅವಳ ತಲೆಯ ಮೇಲೆ ಕೈಯಿಟ್ಟ.

“ಹೂಂ, ತಂಗಿ,” ಎಂದ. “ಹಿಂಗ ಅಳತಿದ್ದೆ.”