ದೊಡ್ಡಕ್ಕನ ಒಂದು ಪುಟದ ಕಾಗದ

ಹುಡುಗಿಯರ ಹಾಸ್ಟೆಲಿನಲ್ಲಿ ಇಪ್ಪತ್ತಾರು ವರ್ಷ ವಾರ್ಡನ್ ಆಗಿದ್ದ ಆಕೆಯನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಹುಡುಗಿಯರು ಕರೆದರು, ಆಮೇಲೆ ಅಡುಗೆಯವರು, ಕೊನೆಗೆ ಪ್ರಿನ್ಸಿಪಾಲರ ಬಾಯಲ್ಲೂ ಅದೇ ಬಂತು. ಅಸಲು ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಗಿಡ್ಡ ಆಳು, ದಪ್ಪ ಗಾಜಿನ ಕನ್ನಡಕ, ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ಒಮ್ಮೆ ನಿಂತು ಮಂಡಿ ನೀವಿಕೊಳ್ಳುವ ಅಭ್ಯಾಸ. ಮುಂಬಾಗಿಲಿನ ಪಕ್ಕದಲ್ಲೇ ಅವಳ ಆಫೀಸು, ಅದರ ಹಿಂದೆ ಅವಳು ವಾಸವಿದ್ದ ಎರಡು ಕೋಣೆ. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ. ಮಕ್ಕಳೆಷ್ಟು ಎಂದು ಹೊಸಬರು ಯಾರಾದರೂ ಕೇಳಿದರೆ, "ಸದ್ಯಕ್ಕೆ ನೂರಾ ಹತ್ತು. ಮುಂದಿನ ವರ್ಷದ್ದು ಅಡ್ಮಿಷನ್ ಮುಗಿದ ಮೇಲೆ ಹೇಳ್ತೀನಿ" ಎನ್ನುತ್ತಿದ್ದಳು.

ಪ್ರತಿ ಸೆಮಿಸ್ಟರಿನ ಪರೀಕ್ಷೆಗೆ ಮೂರು ವಾರ ಇದೆ ಎನ್ನುವಾಗ ಅವಳು ಎಲ್ಲ ಹುಡುಗಿಯರ ಮನೆಗೂ ಒಂದು ಪುಟದ ಕಾಗದ ಕಳಿಸುತ್ತಿದ್ದಳು. ತಂದೆತಾಯಿಯರಿಗೆ, ಎಂದು ಮೇಲೆ ಇರುತ್ತಿತ್ತು. ದಿನಕ್ಕೆ ಒಂದೇ ಸಲ ಫೋನ್ ಮಾಡಿ. ಎಷ್ಟು ಓದಿದೆ ಎಂದು ಕೇಳಬೇಡಿ. ಊಟ ಆಯಿತಾ, ನಿದ್ದೆ ಬಂತಾ ಎಂದು ಕೇಳಿ. ಪಕ್ಕದ ಮನೆಯವರ ಮಗಳ ಸುದ್ದಿ ಈ ಒಂದು ತಿಂಗಳು ಬೇಡ. ಮನೆಯಲ್ಲಿ ಜಗಳವೋ ಕಾಯಿಲೆಯೋ ಇದ್ದರೆ ಮುಚ್ಚಿಡಬೇಡಿ, ಮಕ್ಕಳಿಗೆ ದನಿಯಲ್ಲೇ ಗೊತ್ತಾಗುತ್ತದೆ. ಒಂದು ಪತ್ರಿಕೆ ಕೆಟ್ಟರೆ ಕೆಟ್ಟದ್ದು ಆ ಪತ್ರಿಕೆ, ಮಗು ಅಲ್ಲ. ಇಷ್ಟೇ. ಪ್ರಿನ್ಸಿಪಾಲರು ಅದನ್ನು ಓದಿ ನಕ್ಕಿದ್ದರು. "ದೊಡ್ಡಕ್ಕ, ಪರೀಕ್ಷೆ ಮಕ್ಕಳಿಗೋ ಅಪ್ಪ ಅಮ್ಮಂದಿರಿಗೋ?" ಎಂದಾಗ ಅವಳು, "ಮಕ್ಕಳಿಗೆ ಸಿಲಬಸ್ ಇದೆ ಸಾರ್, ಅವರಿಗೆ ಅದೂ ಇಲ್ಲ" ಎಂದಳು.

ಆ ಕಾಗದ ಸುಮ್ಮನೆ ಹುಟ್ಟಿದ್ದಲ್ಲ. ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ, ಒಬ್ಬ ಹುಡುಗಿ ನಲವತ್ತು ದಿನದಿಂದ ತರಗತಿಗೆ ಹೋಗಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ನಿಯಮದಂತೆ ಮನೆಗೆ ಫೋನ್ ಮಾಡಿದಳು. ತಿಳಿಸಬೇಕಾದ್ದನ್ನೆಲ್ಲ ತಿಳಿಸಿದಳು, ಒಂದು ಮಾತೂ ಸುಳ್ಳಿರಲಿಲ್ಲ. ಮರುದಿನ ಬೆಳಿಗ್ಗೆ ತಂದೆ ಬಂದ. ಮಗಳ ಕೆನ್ನೆಗೆ ವರಾಂಡದಲ್ಲೇ, ಹತ್ತು ಜನರ ಎದುರಿಗೆ ಹೊಡೆದ. ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಕಟ್ಟಿಸಿ ಕರೆದುಕೊಂಡು ಹೋದ. ಹುಡುಗಿ ಹೋಗುವಾಗ ತಿರುಗಿ ದೊಡ್ಡಕ್ಕನನ್ನು ನೋಡಿದಳು. ಅವಳ ಎರಡು ಪುಸ್ತಕ, ಒಂದು ಬಕೆಟ್ಟು ಕೋಣೆಯಲ್ಲೇ ಉಳಿದವು. ಮೂರು ಸಲ ಕಾಗದ ಹಾಕಿದರೂ ಯಾರೂ ಬರಲಿಲ್ಲ, ಅವಳು ಮುಂದೆ ಓದಿದಳೋ ಇಲ್ಲವೋ ತಿಳಿಯಲಿಲ್ಲ. ನಿಜ ಹೇಳಿದೆ, ಆದರೆ ಅದನ್ನು ಕೇಳುವವರು ಹೇಗಿದ್ದಾರೆಂದು ನೋಡಲಿಲ್ಲ ಎಂದು ದೊಡ್ಡಕ್ಕ ವರ್ಷಗಟ್ಟಲೆ ಕೊರಗಿದಳು.

ಇನ್ನೂ ನಾಲ್ಕು ವರ್ಷಕ್ಕೆ ನಿವೃತ್ತಿ ಇದೆ ಎನ್ನುವಾಗ ಎರಡನೆಯ ಮಹಡಿಯ ಮೂಲೆಕೋಣೆಗೆ ಒಬ್ಬ ಹುಡುಗಿ ಬಂದಳು. ತಂದೆ ಲಿಫ್ಟ್ ರಿಪೇರಿ ಮಾಡುವವನು, ತಾಯಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಒಬ್ಬಳೇ ಮಗಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ತಾಯಿ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ, ಸಂಜೆ ಎರಡು ಸಲ ಫೋನ್ ಮಾಡುತ್ತಿದ್ದಳು. ಮೂರನೆಯ ಸೆಮಿಸ್ಟರಿನ ಕೊನೆಯ ಹೊತ್ತಿಗೆ ಮಗಳು ಫೋನ್ ಎತ್ತುವುದನ್ನೇ ಬಿಟ್ಟಳು. ತಾಯಿ ಆಫೀಸಿಗೆ ಫೋನ್ ಹಚ್ಚಿದಳು.

"ನಿಮ್ಮ ಕಾಗದ ಬಂತು ಮೇಡಂ. ದಿನಕ್ಕೆ ಒಂದು ಸಲ ಅಂತ ಬರ್ದಿದೀರ. ನಾನು ಹತ್ತು ಸಲ ಮಾಡಿದ್ರೂ ಅವಳು ಒಂದು ಸಲಾನೂ ಎತ್ತಲ್ಲ."

"ಹತ್ತು ಸಲ ಮಾಡ್ತೀರಿ ಅಂತಾನೇ ಎತ್ತಲ್ಲ ಕಣಮ್ಮ. ಎರಡು ದಿನ ಸುಮ್ನಿರಿ. ನಾನು ನೋಡ್ತೀನಿ."

ದೊಡ್ಡಕ್ಕ ಆಗಲೇ ನೋಡಿದ್ದಳು. ಊಟದ ಹಾಲಿನಲ್ಲಿ ಆ ಹುಡುಗಿಯ ತಟ್ಟೆ ಹಾಕಿದ ಹಾಗೇ ವಾಪಸ್ಸು ಹೋಗುತ್ತಿತ್ತು. ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿ ಹೊರಡುತ್ತಿದ್ದಳು, ಆದರೆ ಕೆಲವು ದಿನ ಕಾಲೇಜಿನ ಕಡೆಗಲ್ಲ, ಬಸ್ ನಿಲ್ದಾಣದ ಕಡೆಗೆ. ಅಲ್ಲಿ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿರುತ್ತಿದ್ದುದನ್ನು ಅಡುಗೆಯವಳು ಎರಡು ಸಲ ಕಂಡಿದ್ದಳು. ದೊಡ್ಡಕ್ಕ ಮಂಡಿ ನೀವಿಕೊಳ್ಳುತ್ತಾ ಎರಡು ಮಹಡಿ ಹತ್ತಿ ಹೋಗಿ, ಹುಡುಗಿಯ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಳು. ಒಂದು ಗಂಟೆ ಕೂತಿದ್ದಳೇನೋ. ಹುಡುಗಿ ಗೋಡೆ ನೋಡಿಕೊಂಡೇ ಹೇಳಿದಳು.

ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಮೇಷ್ಟ್ರು ಒಂದು ದಿನ ಬೋರ್ಡಿಗೆ ಕರೆದಿದ್ದರಂತೆ. ಲೆಕ್ಕ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮರುದಿನ ಅವಳು ಆ ತರಗತಿಗೆ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಒಂದು ವಾರ ತಪ್ಪಿದ ಮೇಲೆ ಹೋಗಲು ಮುಖವಿರಲಿಲ್ಲ. ಕ್ರಮೇಣ ಉಳಿದ ತರಗತಿಗಳೂ ಆಗಾಗ ತಪ್ಪಿದವು. ಈಗ ಹಾಜರಿ ಸಾಲದೆ ಆ ಒಂದು ವಿಷಯದ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಪಟ್ಟಿ ಹಾಕಿದ್ದರು. ಉಳಿದ ಐದು ಬರೆಯಬಹುದಿತ್ತು, ಆದರೆ ಓದಲು ಕೂತರೆ ಅಕ್ಷರ ಕಣ್ಣಿಗೆ ಹತ್ತುತ್ತಿರಲಿಲ್ಲ. ನಿದ್ದೆ ಬಿಟ್ಟು ಎಷ್ಟೋ ದಿನವಾಗಿತ್ತು.

"ಮನೇಲಿ ಹೇಳ್ಬೇಡಿ ದೊಡ್ಡಕ್ಕ. ಅಮ್ಮ ಅಂಗಡೀಗೆ ಬರೋರಿಗೆಲ್ಲ ನನ್ನ ಬಗ್ಗೆ ಹೇಳ್ತಾಳೆ."

"ನಾನು ಹೇಳಲ್ಲ. ನೀನೇ ಹೇಳ್ತೀಯ. ನಾನು ಪಕ್ಕದಲ್ಲಿ ಕೂತಿರ್ತೀನಿ."

"ನನ್ನ ಕೈಲಾಗಲ್ಲ."

"ಇವತ್ತು ಆಗಲ್ಲ, ಸರಿ. ಇವತ್ತು ಡಾಕ್ಟರ ಹತ್ರ ಹೋಗೋಣ. ಭಾನುವಾರ ಅಪ್ಪ ಅಮ್ಮನ್ನ ಕರೆಸ್ತೀನಿ."

ಕಾಲೇಜಿನ ಡಾಕ್ಟರು ಹುಡುಗಿಯ ಜೊತೆ ಬಹಳ ಹೊತ್ತು ಮಾತಾಡಿದರು. ವಾರಕ್ಕೆರಡು ಸಲ ಬಂದು ಕಾಣಬೇಕೆಂದರು.

ಭಾನುವಾರ ತಂದೆತಾಯಿ ಬಂದರು. ದೊಡ್ಡಕ್ಕ ಮಗಳಿಗೆ ಹನ್ನೊಂದಕ್ಕೆ ಬಾ ಎಂದಿದ್ದಳು, ಇವರಿಗೆ ಹತ್ತಕ್ಕೆ. ಆ ಒಂದು ಗಂಟೆ ಅವಳಿಗೆ ಬೇಕಿತ್ತು. ಇಬ್ಬರನ್ನೂ ಆಫೀಸಿನ ಮರದ ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿದಳು. ತಾಯಿಯ ಬೆರಳ ತುದಿಗಳು ಗಾಜಿನ ಪುಡಿ ಹಿಡಿದು ಒರಟಾಗಿದ್ದವು.

"ಈಗ ನಿಮ್ಮ ಮಗಳು ಬಂದು ಒಂದು ವಿಷಯ ಹೇಳ್ತಾಳೆ," ಎಂದಳು ದೊಡ್ಡಕ್ಕ. "ಜೀವ ಹೋಗೋ ವಿಷಯ ಅಲ್ಲ. ಮಾನ ಹೋಗೋ ವಿಷಯಾನೂ ಅಲ್ಲ. ಓದಿಗೆ ಸಂಬಂಧಪಟ್ಟಿದ್ದು. ಅವಳು ಪೂರ್ತಿ ಹೇಳೋ ತನಕ ಮಧ್ಯೆ ಬಾಯಿ ಹಾಕ್ಬೇಡಿ. ಇಷ್ಟೇ ನಾನು ಕೇಳೋದು."

"ನೀವೇ ಹೇಳ್ಬಿಡಿ ಮೇಡಂ. ನನ್ನ ಎದೆ ಹೊಡ್ಕೊಳ್ತಿದೆ," ಎಂದಳು ತಾಯಿ.

"ಅದು ಅವಳ ಮಾತಮ್ಮ. ನಾನು ಹೇಳಿದ್ರೆ ಚಾಡಿ ಆಗತ್ತೆ."

ತಂದೆ ಎತ್ತರದ ಆಳು, ಬೆಂಚಿನ ಮೇಲೆ ಮುದುಡಿ ಕೂತಿದ್ದ. "ಅವಳ ಮೇಲೆ ಯಾರಾದ್ರೂ ಕೈ ಮಾಡಿದಾರಾ?" ಎಂದು ಮಾತ್ರ ಕೇಳಿದ. ಇಲ್ಲವೆಂದಾಗ ಉಸಿರು ಬಿಟ್ಟ.

ಹನ್ನೊಂದಕ್ಕೆ ಹುಡುಗಿ ಬಂದು ಬಾಗಿಲಲ್ಲೇ ನಿಂತಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೊದಲ ಎರಡು ವಾಕ್ಯ ತಡೆತಡೆದು ಹೇಳಿದಳು, ಆಮೇಲೆ ಒಂದೇ ಸಮನೆ ಹೇಳಿಬಿಟ್ಟಳು. ಬೋರ್ಡು, ನಗು, ಬಸ್ ನಿಲ್ದಾಣದ ಬೆಂಚು, ಪಟ್ಟಿ, ಎಲ್ಲ. ತಾಯಿ, "ನಿನಗೋಸ್ಕರ ನಾವು..." ಎಂದು ಶುರು ಮಾಡಿದವಳು ದೊಡ್ಡಕ್ಕನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಹೊರಗೆ ಯಾರೋ ಬಕೆಟ್ಟಿಗೆ ನೀರು ಬಿಟ್ಟ ಸದ್ದು. ತಂದೆ ನೆಲ ನೋಡುತ್ತಲೇ ಇದ್ದ.

"ಎಷ್ಟು ದಿನ ಆಯ್ತು ಇದೆಲ್ಲ?" ಎಂದು ಕೇಳಿದ.

"ಎರಡು ತಿಂಗಳು."

"ಎರಡು ತಿಂಗಳು ಒಬ್ಳೇ ಇಟ್ಕೊಂಡಿದ್ದೆಯಾ?"

ಹುಡುಗಿ ಅತ್ತದ್ದು ಆಗ. ತಾಯಿ ಎದ್ದು ಹೋಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ದೊಡ್ಡಕ್ಕ ಖಾಲಿ ಲೋಟಗಳನ್ನು ಎತ್ತಿಕೊಂಡು ಹೊರಗೆ ಹೋದಳು, ತೊಳೆಯುವ ಹೊತ್ತಿಗಿಂತ ಹೆಚ್ಚೇ ಹೊತ್ತು ಹೊರಗಿದ್ದಳು.

ಅಂದು ಮಧ್ಯಾಹ್ನ ನಾಲ್ವರೂ ಕೂತು ಗೊತ್ತು ಮಾಡಿದ್ದು ದೊಡ್ಡ ಯೋಜನೆಯೇನಲ್ಲ. ಸಂಖ್ಯಾಶಾಸ್ತ್ರ ಮುಂದಿನ ವರ್ಷಕ್ಕೆ. ಉಳಿದ ಐದರಲ್ಲಿ ಆಗುವಷ್ಟು ಬರೆಯುವುದು. ತಾಯಿ ಸಂಜೆ ಏಳಕ್ಕೆ ಒಂದೇ ಫೋನು. ತಂದೆ ರಜೆ ಹಾಕಿ, ಇದೇ ಊರಿನಲ್ಲಿದ್ದ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಉಳಿದು, ಪರೀಕ್ಷೆಯ ದಿನ ಬೆಳಿಗ್ಗೆ ಮಗಳ ಜೊತೆ ನಡೆದು ಹೋಗುವುದು. ಕೊನೆಯದನ್ನು ಕೇಳಿಕೊಂಡವಳು ಮಗಳೇ.

ತಾಯಿಗೆ ಒಂದೇ ಫೋನಿನ ವ್ರತ ಬಲು ಕಷ್ಟವಾಯಿತು. ಮೂರನೆಯ ದಿನವೇ ಆಫೀಸಿನ ಫೋನು ಬಡಿದುಕೊಂಡಿತು. "ಅವಳಿಗೆ ಮಾಡೋದನ್ನೆಲ್ಲ ನಿಮಗೆ ಮಾಡ್ಲಾ ಮೇಡಂ? ಕೈ ಸುಮ್ನಿರಲ್ಲ." ದೊಡ್ಡಕ್ಕ ಮಾಡಿ ಎಂದಳು. ತಾಯಿ ದಿನಾ ಮೂರು ಸಲ ಮಾಡಿದಳು. ಬರುಬರುತ್ತಾ ಆ ಮಾತುಗಳಲ್ಲಿ ಮಗಳ ವಿಷಯ ಕಡಿಮೆಯಾಗಿ, ದೊಡ್ಡಕ್ಕನ ಕನ್ನಡಕದ ನಂಬರು ಎಷ್ಟು, ಗಾಜು ಅಷ್ಟು ದಪ್ಪ ಯಾಕೆ ಹಾಕಿದ್ದಾರೆ ಎಂಬ ವಿಚಾರಣೆ ಜಾಸ್ತಿಯಾಯಿತು.

ಪರೀಕ್ಷೆಯ ದಿನಗಳಲ್ಲಿ ತಂದೆ ಎಂಟು ಗಂಟೆಗೆ ಸರಿಯಾಗಿ ಗೇಟಿನ ಬಳಿ ಇರುತ್ತಿದ್ದ. ಇಪ್ಪತ್ತು ನಿಮಿಷದ ದಾರಿ. ಓದಿನ ಸುದ್ದಿ ಎತ್ತುತ್ತಿರಲಿಲ್ಲ. ಎಲ್ಲೋ ಆರನೆಯ ಮಹಡಿಯಲ್ಲಿ ಬಾಗಿಲು ತೆಗೆಯದೆ ಹಟ ಹಿಡಿದ ಲಿಫ್ಟು, ಒಳಗಿದ್ದ ಮದುವೆ ಗಂಡು, ಇಂಥವೇ ಹೇಳುತ್ತಿದ್ದ. ಮೊದಲ ಎರಡು ಪತ್ರಿಕೆ ಹಾಗೇ ಮುಗಿದವು.

ಮೂರನೆಯ ದಿನ ಕಾಲೇಜಿನ ಗೇಟಿನ ಹತ್ತಿರ ಹುಡುಗಿ ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು. "ನನಗೆ ಒಳಗೆ ಹೋಗೋಕಾಗಲ್ಲ ಅಪ್ಪ" ಎಂದಳು. ಉಳಿದವರೆಲ್ಲ ಪಕ್ಕದಲ್ಲೇ ಒಳಗೆ ಹೋಗುತ್ತಿದ್ದರು. ತಂದೆ ದೊಡ್ಡಕ್ಕನಿಗೆ ಫೋನ್ ಮಾಡಿದ. ಅವಳು ಆಟೋ ಹಿಡಿದು ಬರುವಷ್ಟರಲ್ಲಿ ಗಂಟೆ ಹೊಡೆದಾಗಿತ್ತು. ಅಪ್ಪ ಮಗಳು ಗೇಟಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತಿದ್ದರು. ಅವನು ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಡುತ್ತಿದ್ದ.

"ಅರ್ಧ ಗಂಟೆ ತನಕ ಬಿಡ್ತಾರೆ," ಎಂದಳು ದೊಡ್ಡಕ್ಕ, ಯಾರಿಗೆಂದಿಲ್ಲದೆ.

"ಹೋಗ್ಬೇಕು ಅನ್ಸಿದ್ರೆ ಹೋಗು," ಎಂದ ತಂದೆ ಮಗಳಿಗೆ. "ವಾಪಸ್ ಹೋಗೋಣ ಅಂದ್ರೂ ನಾನು ರೆಡಿ. ಎರಡರಲ್ಲಿ ಯಾವುದಾದ್ರೂ ನನಗೆ ಬೇಜಾರಿಲ್ಲ."

ಅವನು ಅದನ್ನು ಹೇಳಿದ ದನಿಯಲ್ಲಿ ಒತ್ತಾಯ ಅಡಗಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಮೂವರೂ ಕೂತರು. ಗಂಟೆ ಹೊಡೆದು ಇಪ್ಪತ್ತೆರಡು ನಿಮಿಷ ಕಳೆದಾಗ ಹುಡುಗಿ ಎದ್ದು, ಹಿಂತಿರುಗಿ ನೋಡದೆ ಒಳಗೆ ನಡೆದಳು.

ತಂದೆ ಅವಳು ಮರೆಯಾಗುವ ತನಕ ನೋಡಿದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. "ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರು ಗಾಬರಿಯಾಗಿರ್ತಾರೆ ಮೇಡಂ," ಎಂದ. "ನಾವು ಹೋದ ತಕ್ಷಣ ಬಾಗಿಲಿಗೆ ಕೈ ಹಾಕಲ್ಲ. ಹೊರಗಿಂದ ಮಾತಾಡಿಸ್ತೀವಿ. ಎಷ್ಟು ಜನ ಇದೀರ, ಉಸಿರಾಡೋಕೆ ಸರಿಯಿದೆಯಾ ಅಂತ. ಮೂವತ್ತು ವರ್ಷದಿಂದ ಕಂಡೋರಿಗೆಲ್ಲ ಇದನ್ನ ಮಾಡಿದೀನಿ. ನನ್ನ ಮಗಳನ್ನ ಒಂದಿನಾನೂ ಹಾಗೆ ಮಾತಾಡಿಸಿರಲಿಲ್ಲ."

ದೊಡ್ಡಕ್ಕ ಪರೀಕ್ಷೆ ಮುಗಿಯುವವರೆಗೆ, ಎರಡೂವರೆ ಗಂಟೆ, ಅವನ ಪಕ್ಕದಲ್ಲೇ ಕೂತಿದ್ದಳು.

ಫಲಿತಾಂಶ ಎರಡು ತಿಂಗಳ ಮೇಲೆ ಬಂತು. ನಾಲ್ಕರಲ್ಲಿ ಪಾಸು. ತಡವಾಗಿ ಹೋಗಿ ಬರೆದ ಆ ಮೂರನೆಯದು ಹೋಗಿತ್ತು. ಹುಡುಗಿ ನೇರ ಆಫೀಸಿಗೆ ಬಂದು, "ಮನೆಗೆ ಇಲ್ಲಿಂದಾನೇ ಮಾಡ್ಲಾ?" ಎಂದಳು. ದೊಡ್ಡಕ್ಕ ಎದ್ದು ಹೊರಡಲು ನೋಡಿದರೆ, "ಇರಿ" ಎಂದಳು. ಆಚೆ ಕಡೆಯ ಮಾತು ಕೇಳಿಸುತ್ತಿರಲಿಲ್ಲ. ಈಚೆಯದಷ್ಟೇ ಕೇಳಿತು.

"ಅಮ್ಮ, ಒಂದು ಹೋಯ್ತು... ಹೂಂ, ಅದೇ... ಇಲ್ಲ, ಅಳ್ತಿಲ್ಲ... ಊಟ ಇನ್ನೂ ಇಲ್ಲ, ಈಗ ಹೋಗ್ತೀನಿ... ನೀನು ಅಳ್ತಿದೀಯಾ?... ಸರಿ ಹಾಗಾದ್ರೆ, ಅಪ್ಪಂಗೆ ಕೊಡು."

ಮುಂದಿನ ವರ್ಷ ಹೋದ ಪತ್ರಿಕೆಯನ್ನೂ ಸಂಖ್ಯಾಶಾಸ್ತ್ರವನ್ನೂ ಅವಳು ಬರೆದಳು. ನಡುವೆ ಇನ್ನೊಮ್ಮೆ ನಿದ್ದೆ ಕೆಟ್ಟು ಡಾಕ್ಟರ ಬಳಿ ಓಡಾಡಿದ್ದೂ ಉಂಟು. ಆಗ ಮನೆಯವರಿಗೆ ಅವಳೇ ಮೊದಲ ದಿನವೇ ಹೇಳಿದ್ದಳು. ಇದೆಲ್ಲದರ ನಡುವೆ ಡಿಗ್ರಿ ಮುಗಿಯಲು ಜೊತೆಯವರಿಗಿಂತ ಆರು ತಿಂಗಳು ಹೆಚ್ಚು ಹಿಡಿಯಿತು. ಸಂಖ್ಯಾಶಾಸ್ತ್ರದಲ್ಲಿ ನಲವತ್ತೊಂದು ಬಂದಿತ್ತು, ಪಾಸಿಗೆ ಬೇಕಿದ್ದದ್ದು ನಲವತ್ತು. ತಾಯಿ ಅಂಗಡಿಯಿಂದಲೇ ದೊಡ್ಡಕ್ಕನಿಗೆ ಸುದ್ದಿ ಹೇಳಿದಳು.

"ಒಂದು ಜಾಸ್ತಿನೇ ಬಂದಿದೆ ಬಿಡಿ ಮೇಡಂ," ಎಂದಳು. ಆಮೇಲೂ ಇಬ್ಬರೂ ಫೋನ್ ಇಡದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು.