ಏಳನೇ ನಂಬರಿನ ಎಡಗಡೆ ಚಾಳಿ

೧೧ ಮಾರ್ಚ್ ೧೯೮೪, ಭಾನುವಾರ, ಬೆಳಗ್ಗೆ ಆರೂ ಮುಕ್ಕಾಲು. ಮೊಣಕಾಲಿನ ಗಾಯದ ಹಕ್ಕಳೆ ಇವತ್ತು ತಾನಾಗಿಯೇ ಉದುರಿತು. ಡೈರಿಯಲ್ಲಿ ಗುರುತು ಹಾಕಿ, ಹಾಗೆಯೇ ಇದನ್ನು ಬರೆಯಲು ಕೂತೆ.

ಬಾಡಿಗೆ ಸೈಕಲ್ಲು ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ನನಗಿನ್ನೂ ತೀರ್ಮಾನವಾಗಿಲ್ಲ. ಮುಳಬಾಗಿಲಿನಲ್ಲಿ ನಮ್ಮ ಬೀದಿಯ ತಿರುವಿಗೆ ಬಾಷಾ ಸಾಹೇಬರ ಸೈಕಲ್ ಅಂಗಡಿ. ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದ ಹನ್ನೆರಡು ಸೈಕಲ್ಲುಗಳು. ಹೆಸರು, ಹೊತ್ತು ಬರೆಸಿ ಗಂಟೆಯ ಲೆಕ್ಕದಲ್ಲಿ ಒಯ್ಯಬೇಕು. ನಾಲ್ಕು ತಿಂಗಳಿಂದ ನನಗೆ ಸಿಗುತ್ತಿರುವುದು ಏಳನೇ ನಂಬರು. ಬೇರೆಯವರು ಬಿಟ್ಟು ಹೋಗುವುದು ಅದೊಂದನ್ನೇ.

ಸೈಕಲ್ ಕಲಿಯಬೇಕಾದದ್ದು ಒಂದು ಕೆಲಸಕ್ಕಾಗಿ. ಹಳ್ಳಿಹಳ್ಳಿ ಸುತ್ತಿ ರೇಷ್ಮೆ ಹುಳು ಸಾಕುವವರಿಗೆ ಸಲಹೆ ಕೊಡುವ ಕೆಲಸ. ಬರವಣಿಗೆ ಪರೀಕ್ಷೆ ಪಾಸಾಗಿತ್ತು. ಕೋಲಾರದಲ್ಲಿ ಅಧಿಕಾರಿಯ ಮುಂದೆ ಸೈಕಲ್ ತುಳಿದು ತೋರಿಸುವುದು ಬಾಕಿ. ಅದು ಕೈತಪ್ಪಿದರೆ ಅಪ್ಪನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ, ಇನ್ನೊಬ್ಬ ಸೈಕಲ್ಲಿನಲ್ಲಿ ಬಂದು ಕೊಡುವ ಸಲಹೆಯನ್ನು ನಾನು ಕೇಳಬೇಕು.

ಮೊದಲು ಲಾಭದ ಪುಟ. ದಿನಾ ಬೆಳಗ್ಗೆ ಆವನಿ ಕಡೆ ಹೋಗಿ ಬರುತ್ತಿದ್ದೆ. ಏರಿನ ಮೊದಲ ಹುಣಸೆಮರಕ್ಕೇ ಬರುತ್ತಿದ್ದ ಏದುಸಿರು ಈಗ ಏರು ಮುಗಿದ ಮೇಲೆ ಬರುತ್ತದೆ. ಬೆಲ್ಟಿನಲ್ಲಿ ಎರಡು ತೂತು ಒಳಗೆ ಸರಿದಿದ್ದೇನೆ. ಮುದ್ದೆ ಮಾತ್ರ ಎರಡರಿಂದ ಮೂರಕ್ಕೆ ಏರಿದೆ.

"ತುಳಿಯೋನು ನೀನು, ಮುದ್ದೆ ತೊಳಸೋಳು ನಾನು. ನನ್ನ ತೋಳೂ ಗಟ್ಟಿಯಾಯ್ತು ಕಣೋ" ಎಂದಳು ಅಮ್ಮ. ಅದನ್ನೂ ಲಾಭಕ್ಕೇ ಸೇರಿಸಿದೆ.

ಇನ್ನು ನಷ್ಟ. ಬಿದ್ದದ್ದು ಹದಿನೇಳು ಸಲ, ಹದಿನೇಳೂ ಎಡಕ್ಕೆ. ಏಳನೇ ನಂಬರಿಗೆ ಎಡಗಡೆ ಎಳೆಯುವ ಚಾಳಿ. ಬ್ರೇಕು ಹೆಸರಿಗಷ್ಟೇ.

"ಬ್ರೇಕ್ ಹಿಡಿಯಲ್ಲ ಸಾಹೇಬ್ರೇ" ಎಂದೆ ಒಂದು ದಿನ.

"ಓಡ್ಸೋಕ್ ಬಂದ್ಯೋ, ನಿಲ್ಸೋಕ್ ಬಂದ್ಯೋ? ನಿಲ್ಸೋದಾದ್ರೆ ಇಲ್ಲೇ ನಿಂತೈತಲ್ಲಪ್ಪಾ, ನೋಡ್ಕೊಂಡು ಹೋಗು!"

ಕೊನೆಗೆ ಬಲಕ್ಕೆ ವಾಲಿ ಕೂರುವುದನ್ನೂ ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸುವುದನ್ನೂ ಕಲಿತೆ. ಹತ್ತು ಜನ ತುಳಿಯುವ ಸೈಕಲ್ಲು ಯಾರೊಬ್ಬರಿಗೂ ಹೊಂದಿಕೊಳ್ಳುವುದಿಲ್ಲ. ಹತ್ತು ಜನವೇ ಅದಕ್ಕೆ ತಕ್ಕಂತೆ ಬಾಗುತ್ತಾರೆ. ಸಂತೆಯಲ್ಲಿ ಬಲಭುಜ ಇಳಿಸಿ ನಡೆಯುವವನು ಕಂಡರೆ, ಇವನೂ ನಮ್ಮ ಏಳನೇ ನಂಬರಿನವನೇ ಎಂದು ಅಭಿಮಾನವಾಗುತ್ತದೆ.

ಮಾರ್ಚ್ ಒಂದು, ಗುರುವಾರ, ಬಸ್ಸಿನಲ್ಲಿ ಕೋಲಾರಕ್ಕೆ ಹೋದೆ. ಕಚೇರಿಯವರು ಹೊಚ್ಚಹೊಸ ಸೈಕಲ್ಲು ಕೊಟ್ಟರು. ಅದು ನೆಟ್ಟಗೆ ಹೋಗುವಂಥದ್ದು, ನಾನಲ್ಲ. ಅಭ್ಯಾಸದಂತೆ ಬಲಕ್ಕೆ ವಾಲಿದೆ, ಬಲಗಡೆ ಬೇಲಿಯೊಳಗೆ ಬಿದ್ದೆ. ಹದಿನೆಂಟನೆಯದು, ಬಲಕ್ಕೆ ಮೊದಲನೆಯದು.

"ಸೈಕಲ್ ಬರಲ್ವೇನಯ್ಯಾ?" ಎಂದರು ಅಧಿಕಾರಿ.

"ಬರುತ್ತೆ ಸಾರ್. ಇದು ಬರಲ್ಲ."

ಅವರು ನಕ್ಕುಬಿಟ್ಟರು. "ಸೋಮವಾರ ನಿನಗೆ ಬರೋದನ್ನೇ ತಗೊಂಡು ಬಾ. ಅದೇ ಕೊನೆ."

ವಿಷಯ ಕೇಳಿ ಬಾಷಾ ಸಾಹೇಬರು ಗಾಬರಿಯಾದರು. "ಕೋಲಾರಕ್ಕಾ? ಏಳನೇ ನಂಬರ್ ಆವನಿ ದಾಟಿದ್ದೇ ಇಲ್ಲ ಕಣಪ್ಪಾ! ಚೈನ್ ಬಿಟ್ರೆ ಹಾಕ್ಕೋ. ಚಕ್ರ ಬಿಟ್ರೆ ಎತ್ಕೊಂಡ್ ಬಾ." ಪುಸ್ತಕದಲ್ಲಿ ಹಿಂತಿರುಗುವ ಹೊತ್ತಿನ ಜಾಗವನ್ನು ಖಾಲಿ ಬಿಟ್ಟರು.

ಸೋಮವಾರ ಮೂವತ್ತು ಕಿಲೋಮೀಟರಿಗೆ ಮೂರು ಗಂಟೆ. ಚೈನು ಕಳಚಿದ್ದು ನಾಲ್ಕು ಸಲ, ಬಿದ್ದದ್ದು ಸೊನ್ನೆ. ಕಚೇರಿಯ ಅಂಗಳದಲ್ಲಿ ಎರಡು ಸುತ್ತು ಹೊಡೆದು, ಚಪ್ಪಲಿ ಉಜ್ಜಿ, ಅಧಿಕಾರಿಯ ಮುಂದೆ ಗೇಣುದ್ದ ಬಿಟ್ಟು ನಿಲ್ಲಿಸಿದೆ.

"ಮುಳಬಾಗಿಲಿಂದ ತುಳ್ಕೊಂಡೇ ಬಂದ್ಯಾ? ಇದ್ರಲ್ಲಿ ಅಂಥದ್ದೇನಿದೆ, ಎಲ್ಲಿ ಕೊಡು" ಎಂದು ಹತ್ತಿಯೇಬಿಟ್ಟರು.

"ಸಾರ್, ಬಲಕ್ಕೆ ವಾಲಿ!" ಎಂದು ಕೂಗಿದೆ. ಆದರೆ ಅವರು ಅಧಿಕಾರಿಗಳು ಕೂರುವಂತೆ ನೆಟ್ಟಗೆ ಕೂತಿದ್ದರು. ಬ್ರೇಕು ಒತ್ತುತ್ತಾ ಒತ್ತುತ್ತಾ ಎಡಗಡೆಯ ಗುಲಾಬಿ ಪಾತಿಗೆ ಹೋಗಿ ಇಳಿದರು.

ನಾನೂ ಜವಾನನೂ ಎತ್ತಿ ನಿಲ್ಲಿಸಿದೆವು. ಪ್ಯಾಂಟು ಮೊಣಕಾಲಿನ ಹತ್ತಿರ ಹರಿದಿತ್ತು. ಅವರು ಸೈಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. "ಹೋಗು, ತಿಳಿಸ್ತೀವಿ" ಎಂದರು.

ಆರು ದಿನವಾಯಿತು, ಕಾಗದವಿಲ್ಲ. ಒಂದೇ ಸೈಕಲ್ಲಿನಿಂದ ಬಿದ್ದವರ ನಡುವೆ ಒಂದು ಬಗೆಯ ನಂಟು ಹುಟ್ಟುತ್ತದೆಂದು ನಾನು ನಂಬಿದ್ದೇನೆ. ಕಚೇರಿಗಳಲ್ಲಿಯೂ ಹಾಗೆ ನಂಬುತ್ತಾರೆಯೇ? ಅಭ್ಯರ್ಥಿ ಬೀಳದೆ ಅಧಿಕಾರಿಯೇ ಬಿದ್ದಾಗ ಯಾರ ಅಂಕ ಕಡಿಮೆಯಾಗುತ್ತದೆ? ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಕಾರ್ಡು ಬರೆದು ತಿಳಿಸಿ.